ಗಿಡ್ಡ ದಾರ ಮೇಲಕ್ಕೆ, ಉದ್ದ ದಾರ ಹೊರಕ್ಕೆ

ಮೊದಲ ಮೂರು ತಿಂಗಳು ಡಬ್ಬಿ ಸಾಹೇಬರ ಹೆಸರು ಕೇಳಿದರೇ ನನಗೆ ಮೈ ಉರಿಯುತ್ತಿತ್ತು. ಆಪರೇಷನ್ ಕೋಣೆಯಲ್ಲಿ ನಾವು ಕೊಯ್ದು ತೆಗೆದ ಗಡ್ಡೆಗಳೆಲ್ಲ ಕೆಡದಂತೆ ಔಷಧಿ ತುಂಬಿದ ಡಬ್ಬಿಯಲ್ಲಿ ಮುಳುಗಿ ನೆಲಮಾಳಿಗೆಯ ಲ್ಯಾಬಿಗೆ ಹೋಗುತ್ತವೆ. ಅಲ್ಲಿ ಕಿಟಕಿಯ ಹಿಂದೆ ಕೂತು ಅವನ್ನು ತೆಗೆದುಕೊಳ್ಳುವವರು ಇವರು. ಡಾಕ್ಟರೂ ಅಲ್ಲ, ಅಧಿಕಾರಿಯೂ ಅಲ್ಲ. ಆದರೆ ಅವರು ಒಪ್ಪದೆ ಒಂದು ಡಬ್ಬಿಯೂ ಒಳಗೆ ಹೋಗುವಂತಿಲ್ಲ. ಅದಕ್ಕೇ ಆ ಸಾಹೇಬ ಪಟ್ಟ.

ನನ್ನ ಡಬ್ಬಿಗಳಂತೂ ಹೋದ ದಾರಿಯಲ್ಲೇ ವಾಪಸ್ ಬರುತ್ತಿದ್ದವು. ಚೀಟಿಯಲ್ಲಿ ಗಂಟೆ ಬರೆದಿಲ್ಲ, ಅಕ್ಷರ ಅರ್ಥವಾಗುತ್ತಿಲ್ಲ, ಔಷಧಿ ಸಾಲದು. "ಡಾಕ್ಟ್ರಮ್ಮ, ಇವರು ಪೂರ್ತಿ ಮುಳುಗ್ಬೇಕು. ಬರೀ ಕಾಲು ತೊಳೆಸಿ ಕಳ್ಸಿದೀರಲ್ಲ!" ಡಬ್ಬಿಯೊಳಗಿನದನ್ನು ಅವರು ಎಂದೂ 'ಇದು' ಎಂದವರಲ್ಲ. ಇವರು ಹನ್ನೊಂದಕ್ಕೆ ಬಂದ್ರು, ಇವರು ನಾಳೆ ಹೋಗ್ತಾರೆ ಎನ್ನುವರು. ನೆಂಟರ ಲೆಕ್ಕದಲ್ಲಿ ಮಾತಾಡ್ತಾರಲ್ಲ ಎಂದು ನಾವು ಮೇಲೆ ಕೂತು ನಗುತ್ತಿದ್ದೆವು.

ನನಗಾದರೋ ಮೂಗಿನ ತುದಿಯಲ್ಲೇ ಕೋಪ. ಎಂಟು ವರ್ಷ ಸರ್ಜನ್ ಆಗಿ ಕೆಲಸ ಮಾಡಿ, ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಎರಡು ವರ್ಷದ ಫೆಲೋಶಿಪ್‌ಗೆಂದು ಮೂವತ್ತೆಂಟರಲ್ಲಿ ಮತ್ತೆ ವಿದ್ಯಾರ್ಥಿನಿಯಾದವಳು. ಫೆಲೋಶಿಪ್ ಎಂದರೇನೆಂದು ನಮ್ಮ ಅತ್ತೆಗೆ ಇವತ್ತಿಗೂ ತಿಳಿಯದು. ಯಾರಾದರೂ ಕೇಳಿದರೆ ದನಿ ತಗ್ಗಿಸಿ, "ಸೊಸೆ ಇನ್ನೂ ಓದ್ತಾ ಇದಾಳೆ, ಯಾಕೋ ಮುಗೀತಾನೇ ಇಲ್ಲ" ಎನ್ನುತ್ತಾರೆ. ಮೊದಲ ಆರು ತಿಂಗಳೊಳಗೆ ನಮಗೆ ಕಲಿಸುವ ಮುಖ್ಯ ಸರ್ಜನ್ ಮೇಡಂ 'ಕೈ ಸಾಲದು' ಎಂದು ಬರೆದುಬಿಟ್ಟರೆ ಗಂಟುಮೂಟೆ ಕಟ್ಟಬೇಕು. ನನ್ನಿಬ್ಬರು ಜೊತೆಗಾರರಲ್ಲಿ ಒಬ್ಬನನ್ನು ಆಗಲೇ ಹಾಗೆ ಕಳಿಸಿಯೂ ಆಗಿತ್ತು.

ಆಗ ಬಂದವರು ಕಂಡಕ್ಟರಮ್ಮ. ಬಸ್ಸಿನಲ್ಲಿ ಟಿಕೆಟ್ ಕೊಡುವ ಕೆಲಸ, ನಲವತ್ತನಾಲ್ಕು ವಯಸ್ಸು, ಎಡ ಸ್ತನದಲ್ಲಿ ಗಡ್ಡೆ. ಸ್ತನ ಉಳಿಸಿ ಗಡ್ಡೆಯನ್ನಷ್ಟೇ ತೆಗೆಯುವ ಆಪರೇಷನ್. ಮೇಡಂ ಜೊತೆಗಿದ್ದು ನನ್ನ ಕೈಯಲ್ಲೇ ಮಾಡಿಸಿದರು. ಗಡ್ಡೆ ಹೊರಬಂದ ಮೇಲೆ ಅದಕ್ಕೆ ಎರಡು ದಾರ ಕಟ್ಟಬೇಕು. ಮೈಯಿಂದ ಬಿಡಿಸಿದ ತುಂಡಿಗೆ ಮೇಲು ಯಾವುದು, ಪಕ್ಕ ಯಾವುದು ಎಂದು ಲ್ಯಾಬಿನವರಿಗೆ ತಿಳಿಯುವುದು ಆ ದಾರಗಳಿಂದಲೇ. ಮೇಡಂ ಪಕ್ಕದ ಟೇಬಲ್ಲಿಗೆ ಹೋದರು, ನಾನು ದಾರ ಕಟ್ಟಿ ಕಳಿಸಿದೆ.

ರಿಪೋರ್ಟ್ ಬಂತು: ಹೊರಗಡೆಯ, ಎಂದರೆ ತೋಳಿನ ಕಡೆಯ, ಅಂಚಿನವರೆಗೂ ಕ್ಯಾನ್ಸರ್ ಇದೆ. ಅಂದರೆ ಆ ಬದಿಯಲ್ಲಿ ಇನ್ನಷ್ಟು ಕೊಯ್ದು ತೆಗೆಯಬೇಕು. ಕಂಡಕ್ಟರಮ್ಮನನ್ನು ಮತ್ತೆ ಸೇರಿಸಿಕೊಂಡು, ಮರುದಿನ ಬೆಳಿಗ್ಗೆ ಎಂಟಕ್ಕೆ ಆಪರೇಷನ್ ಎಂದು ಗೊತ್ತು ಮಾಡಿದೆವು.

ಹಿಂದಿನ ದಿನ ಮಧ್ಯಾಹ್ನ ಒಂದು ಗಂಟೆಗೆ ಕೆಳಗಿನಿಂದ ಫೋನು. "ಡಾಕ್ಟ್ರಮ್ಮ, ಒಂದ್ ನಿಮಿಷ ಬಂದು ಹೋಗಿ." ಊಟದ ಡಬ್ಬಿ ಮುಚ್ಚಿಟ್ಟು, ಹಲ್ಲು ಕಚ್ಚಿಕೊಂಡು ಇಳಿದೆ.

ಕಂಡಕ್ಟರಮ್ಮನ ಗಡ್ಡೆ ಲ್ಯಾಬಿಗೆ ಹೋದ ವಾರ ಸಾಹೇಬರು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ರಜೆಯಲ್ಲಿದ್ದರಂತೆ. ವಾಪಸ್ ಬಂದವರು ರಜೆಯ ದಿನಗಳ ಡಬ್ಬಿಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದ್ದಾರೆ. ಹಾಗೆ ನೋಡಿ ಅಂತ ಯಾರೂ ಹೇಳಿರಲಿಲ್ಲ. ಕಂಡಕ್ಟರಮ್ಮನ ಗಡ್ಡೆಯಲ್ಲಿ ಪರೀಕ್ಷೆ ಮುಗಿದು ಉಳಿದಿದ್ದ ತುಂಡುಗಳನ್ನು ಹಲಗೆಯ ಮೇಲೆ ಜೋಡಿಸಿ, ಪೆನ್ಸಿಲಿನಲ್ಲಿ ಚಿತ್ರ ಬರೆದಿಟ್ಟಿದ್ದರು.

"ಚರ್ಮ ನನ್ನ ಕಡೆ ಮಾಡಿ, ಗಿಡ್ಡ ದಾರ ಮೇಲಕ್ಕೆ ಹಿಡಿದ್ರೆ ಉದ್ದ ದಾರ ನನ್ನ ಎಡಕ್ಕೆ ಬರುತ್ತೆ. ಉದ್ದ ದಾರ ಅಂದ್ರೆ ಹೊರಗಡೆ, ತೋಳಿನ ಕಡೆ. ಎದುರು ನಿಂತೋರ ಎಡಕ್ಕೆ ತೋಳು ಬಂದ್ರೆ ಇವರು ಬಲಗಡೆಯವರಾಗ್ಬೇಕು. ಚೀಟೀಲಿ ನೋಡಿದ್ರೆ ಎಡ ಅಂತಿದೆ."

"ಎಡಾನೇ. ನಾನೇ ಕೊಯ್ದಿದ್ದು, ನಂಗೊತ್ತಿಲ್ವಾ? ನಿಮ್ಮ ಕೆಲಸ ನೀವು ನೋಡ್ಕೊಳ್ಳಿ."

"ನಮ್ಮಪ್ಪ ದರ್ಜಿ, ಡಾಕ್ಟ್ರಮ್ಮ. ಬಲದ ತೋಳನ್ನ ಎಡಕ್ಕಿಟ್ರೆ ಕೂರಲ್ಲ." ಅವರ ದನಿ ಏರಲಿಲ್ಲ. "ನಿಮ್ಮ ಮೊದಲಿನ ಆಸ್ಪತ್ರೇಲಿ ಮೇಲಕ್ಕೆ ಯಾವ ದಾರ ಹಾಕ್ತಿದ್ರಿ?"

"ಉದ್ದ..." ಎಂದೆ. ಅವರ ಪೆನ್ಸಿಲ್ ಚಿತ್ರವನ್ನು ನನ್ನ ಕಡೆ ತಿರುಗಿಸಿಕೊಂಡೆ.

ಅಲ್ಲಿ ಉದ್ದ ದಾರ ಮೇಲಕ್ಕೆ, ಗಿಡ್ಡದ್ದು ಹೊರಕ್ಕೆ. ಇಲ್ಲಿ ತದ್ವಿರುದ್ಧ. ಬಂದ ಮೊದಲ ದಿನವೇ ಹೇಳಿದ್ದರು, ನಾನೂ ಬರೆದುಕೊಂಡಿದ್ದೆ. ಎಂಟು ವರ್ಷದ ಕೈ ಕೇಳಬೇಕಲ್ಲ! ಕ್ಯಾನ್ಸರ್ ಉಳಿದದ್ದು ಮೇಲಿನ ಅಂಚಿನಲ್ಲಿ. ನಾಳೆ ಬೆಳಿಗ್ಗೆ ನಾವು ಪಕ್ಕದ ಒಳ್ಳೆಯ ಮಾಂಸ ಕೊಯ್ದು, ರೋಗವನ್ನು ಅಲ್ಲೇ ಬಿಟ್ಟು, ಗುಣವಾಯಿತು ಎಂದು ಆಕೆಯನ್ನು ಮನೆಗೆ ಕಳಿಸುವವರಿದ್ದೆವು.

"ನಾನು ಯಾರಿಗೂ ಹೇಳಿಲ್ಲ. ಮೇಡಂಗೆ ನೀವೇ ಹೇಳಿ" ಎಂದರು.

ಮೂರೂವರೆಗೆ ಮೇಡಂ ಕೋಣೆಗೆ ಹೋಗಿ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಪೆನ್ನು ತೆಗೆದು ನನ್ನ ತರಬೇತಿ ಪುಸ್ತಕದಲ್ಲಿ ನಾಲ್ಕು ಸಾಲು ಬರೆದರು. "ಬಾ, ಅವರಿಗೂ ಹೇಳೋಣ. ನೀನೇ ಹೇಳ್ಬೇಕು."

ಕಂಡಕ್ಟರಮ್ಮ ಹಾಸಿಗೆಯ ಮೇಲೆ ಕೂತು ಪೂರ್ತಿ ಕೇಳಿದರು. "ಅಲ್ರೀ, ದಾರ ಅದಲುಬದಲಾಯ್ತು ಅಂತ ನನ್ನ ಜೀವ ಹೋಗ್ತಿತ್ತಲ್ರೀ!" ಎಂದು ಕೂಗಿದ್ದು ವಾರ್ಡಿಗೆಲ್ಲ ಕೇಳಿಸಿತು. ಆಮೇಲೆ, "ನಾಳೆ ಮೇಡಮ್ಮೇ ಕೊಯ್ಲಿ. ನೀವು ಪಕ್ಕದಲ್ಲಿ ನಿಂತ್ಕೊಳ್ಳಿ. ಓಡಿಗೀಡಿ ಹೋಗ್ಬೇಡಿ ಮತ್ತೆ" ಎಂದರು.

ನಿಂತೆ. ಮೇಡಂ ಮೇಲಿನ ಅಂಚು ತೆಗೆದರು. ಐದನೇ ದಿನ ರಿಪೋರ್ಟ್: ಆ ತುಂಡಿನಲ್ಲಿ ಸಾಸಿವೆಯಷ್ಟು ಕ್ಯಾನ್ಸರ್, ಅದರಾಚೆ ಎಲ್ಲ ಸ್ವಚ್ಛ. ನನ್ನನ್ನು ಮನೆಗೆ ಕಳಿಸಲಿಲ್ಲ. ಎರಡು ತಿಂಗಳು ಚಾಕು ಹಿಡಿಯದೆ ಮೊದಲು ಲ್ಯಾಬಿನಲ್ಲಿ ಕೂರು ಎಂದರು. ಹಾಗೆ ಸಾಹೇಬರ ಪಕ್ಕದ ಸ್ಟೂಲು ನನ್ನದಾಯಿತು. ಹತ್ತೊಂಬತ್ತರಲ್ಲಿ ಬಾಟಲಿ ತೊಳೆಯಲು ಸೇರಿದವರು, ಮೂವತ್ತೊಂದು ವರ್ಷವಾಯಿತು, ಮಗಳ ಕಣ್ಣಿಗೆ ಅಪ್ಪ ಡಾಕ್ಟರೇ, ಇವೆಲ್ಲ ಗೊತ್ತಾದದ್ದು ಅಲ್ಲಿ ಕೂತಾಗ.

ಮೊದಲ ದಿನ ಅವರು ಮೇಜಿನ ಖಾನೆ ಚೊಕ್ಕ ಮಾಡುತ್ತಿದ್ದರು. ಅಂಟಿಸಿದ ಒಂದು ಲಕೋಟೆ ಕಂಡಿತು. ಮೇಲೆ ಮೇಡಂ ಹೆಸರು, ನನ್ನನ್ನು ಫೋನು ಮಾಡಿ ಕರೆದಿದ್ದ ದಿನದ ತಾರೀಕು, 'ಸಂಜೆ ನಾಲ್ಕು ಗಂಟೆ'.

"ಇದೇನು?"

"ನೀವು ನಾಲ್ಕರೊಳಗೆ ಹೇಳದಿದ್ರೆ ಕೊಡೋಣ ಅಂತ ಬರ್ದಿದ್ದೆ."

"ಓಹೋ, ನನ್ನ ಮೇಲೆ ನಂಬಿಕೆ ಇರ್ಲಿಲ್ಲ ಅನ್ನಿ."

"ಇತ್ತು ಡಾಕ್ಟ್ರಮ್ಮ, ಖಂಡಿತ ಇತ್ತು. ಆದ್ರೆ ನನ್ನ ನಂಬಿಕೆ ಸುಳ್ಳಾಗಿದ್ರೆ, ಅನುಭವಿಸ್ಬೇಕಾಗಿದ್ದಿದ್ದು ಆ ತಾಯಿ ಅಲ್ವಾ?"

ಕೋಪ ಬರಬೇಕಿತ್ತು, ಬರಲಿಲ್ಲ. ಆ ಮಧ್ಯಾಹ್ನ ಒಂದರಿಂದ ಮೂರೂವರೆಯೊಳಗೆ ನಾನು ಮೇಡಂ ಬಾಗಿಲವರೆಗೆ ಎರಡು ಸಲ ಹೋಗಿ ಎರಡು ಸಲವೂ ತಿರುಗಿ ಬಂದಿದ್ದೆ. ಅದನ್ನು ಅವರಿಗೆ ಹೇಳಿ, ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತೆ.