ಎಡಗೈ ಹೆಬ್ಬೆರಳು

ಅವಳ ಬೆರಳ ತುದಿಗಳು ಸದಾ ಕಂದುಗಪ್ಪಾಗಿರುತ್ತಿದ್ದವು. ಬಾಳೆಯ ಸೊನೆ ಒಮ್ಮೆ ಅಂಟಿತೆಂದರೆ ಯಾವ ಸೋಪಿಗೂ ಬಗ್ಗುವುದಿಲ್ಲ. ಕಮಲಾಪುರದಲ್ಲಿ ಅವರದು ಸಣ್ಣ ಕೆಂಪು ಬಾಳೆಯ ತೋಟ. ನಸುಕಿನಲ್ಲಿ ಅಪ್ಪನ ಜೊತೆ ಎಲೆ ಕೊಯ್ದು, ಮೊದಲ ಬಸ್ಸು ಹಿಡಿದು, ಏಳೂವರೆಗೆಲ್ಲ ಕಲಬುರಗಿಯ ನಮ್ಮ ಕಾಲೇಜಿನ ಮೈದಾನದಲ್ಲಿ ಇರುತ್ತಿದ್ದಳು. ಉದ್ದನೆಯ ತೋಳು, ತೆಳ್ಳಗಿನ ಮಣಿಕಟ್ಟು, ಓಡಲು ಅಡ್ಡಬಾರದೆಂದು ಸಲ್ವಾರಿನ ಕಾಲಿಗೆ ಹಾಕಿಕೊಳ್ಳುತ್ತಿದ್ದ ಸೇಫ್ಟಿ ಪಿನ್ನು. ಒಂದೂ ಮರೆತಿಲ್ಲ. ಅಷ್ಟು ಹತ್ತಿರದಿಂದ ನಾನು ಅವಳನ್ನು ನೋಡಿದ್ದು ಅಕ್ಕರೆಯಿಂದಲ್ಲ, ಹೊಟ್ಟೆಕಿಚ್ಚಿನಿಂದ.

ನಾವೆಲ್ಲ ಅವಳನ್ನು ಕಮಲಾಪುರದಾಕಿ ಎನ್ನುತ್ತಿದ್ದೆವು. ಎಂಬತ್ತರ ದಶಕ ಮುಗಿಯುತ್ತಿದ್ದ ವರ್ಷಗಳು. ಅವಳು ಬಿ.ಎ. ಮೊದಲ ವರ್ಷ, ನಾನು ಎರಡನೆಯ ವರ್ಷ. ನಾನು ಕಲಬುರಗಿಯಲ್ಲೇ ಇರುವ ಜೇವರ್ಗಿ ಕಾಲೋನಿಯವಳು. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ, ಏಕಾದಶಿಯ ಉಪವಾಸ. ಹೆಣ್ಣುಮಗಳು ಚೆಂಡು ಹಿಡಿದು ಓಡುವುದು ಅವ್ವನಿಗೆ ಸೇರುತ್ತಿರಲಿಲ್ಲ. ಜಗಳ ಮಾಡಿಯೇ ಬಾಸ್ಕೆಟ್‌ಬಾಲ್ ಕಲಿತು, ಕಾಲೇಜು ತಂಡದ ನಾಯಕಿಯಾಗಿದ್ದೆ. ದೂರದಿಂದ ಗುರಿಯಿಟ್ಟು ಬುಟ್ಟಿಗೆ ಹಾಕುವವಳೆಂದರೆ ನಾನೇ ಎಂಬುದು ಎಲ್ಲರಿಗೂ ಗೊತ್ತಿತ್ತು.

ಅವಳು ಬಂದಾಗ ಚೆಂಡನ್ನು ಎರಡೂ ಕೈಯಿಂದ, ಸೊಂಟದ ಹತ್ತಿರದಿಂದ, ಬಾವಿಯಿಂದ ಕೊಡ ಎತ್ತುವಂತೆ ಎಸೆಯುತ್ತಿದ್ದಳು. ನಾವು ನಕ್ಕೆವು. ನಮ್ಮ ಆಟದ ಸರ್ ನಗಲಿಲ್ಲ. ನನ್ನನ್ನು ಕರೆದು, "ಆಕಿ ಮಣಿಕಟ್ಟು ಛಲೋ ಅದ. ಚೆಂಡು ಹ್ಯಾಂಗ ಹಿಡೀಬೇಕಂತ ನೀ ಹೇಳಿಕೊಡು" ಎಂದರು.

ಹೇಳಿಕೊಟ್ಟೆ. ಆಗ ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಪಾದ ಭುಜದಷ್ಟು ಅಗಲ, ಮೊಣಕಾಲು ಬಗ್ಗಿರಬೇಕು, ಚೆಂಡು ಅಂಗೈಗೆ ತಾಗದೆ ಬೆರಳ ಮೇಲೆ ಕೂತಿರಬೇಕು, ಮೊಣಕೈ ಚೆಂಡಿನ ಕೆಳಗಿರಬೇಕು, ಬಿಟ್ಟ ಮೇಲೆ ಕೈ ಹಾಗೇ ಮೇಲೆ ನಿಲ್ಲಬೇಕು. ಅವಳು ಪ್ರತಿಯೊಂದಕ್ಕೂ "ಹೂನ್ರಿ ಅಕ್ಕಾ" ಎನ್ನುತ್ತ, ಹೇಳಿದಷ್ಟನ್ನೇ ಮಾಡುತ್ತಿದ್ದಳು. ನಾನು ಎರಡು ವರ್ಷ ತೆಗೆದುಕೊಂಡದ್ದನ್ನು ಅವಳು ಎರಡು ತಿಂಗಳಲ್ಲಿ ಕಲಿತಳು. ಒಂದು ಬೆಳಿಗ್ಗೆ ಸಾಲಾಗಿ ಒಂಬತ್ತು ಚೆಂಡು ರಿಂಗನ್ನೂ ಮುಟ್ಟದೆ ಬಲೆಯೊಳಗೆ ಇಳಿದವು. ನಾನು ಚೆನ್ನಾಗಿ ಹೊಡೆದಾಗ ಸರ್ ಪ್ರತಿಸಲ "ಶಾಬಾಸ್" ಎನ್ನುತ್ತಿದ್ದರು. ಅವಳಿಗೆ ಏನೂ ಅನ್ನಲಿಲ್ಲ. ಬಾಯಲ್ಲಿದ್ದ ಸೀಟಿಯನ್ನು ಮರೆತು ಸುಮ್ಮನೆ ನೋಡುತ್ತ ನಿಂತುಬಿಟ್ಟರು. ಆ ಶಾಬಾಸುಗಳನ್ನೆಲ್ಲ ಹಿಂದಕ್ಕೆ ಕೊಟ್ಟಾದರೂ ಅಂಥ ಒಂದು ಮೌನ ನನಗೆ ಬೇಕೆನಿಸಿತು.

ಮುಂದೆ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ಬಂತು. ನಮ್ಮ ಕಾಲೇಜಿನಿಂದ ಒಬ್ಬಳನ್ನೇ ತೆಗೆದುಕೊಳ್ಳುತ್ತಾರೆಂದು ಸರ್ ಹೇಳಿದರು. ಆಯ್ಕೆಗೆ ಮೂರು ವಾರವಿರುವಾಗ ಅವಳು ನನ್ನ ಬಳಿ ಬಂದಳು.

"ಅಕ್ಕಾ, ದಣಿದ ಮ್ಯಾಲ ಹೊಡದ್ರ ಚೆಂಡು ಬುಟ್ಟಿತನಕ ಮುಟ್ಟವಲ್ದು. ರಿಂಗಿನ ಮುಂದಿನ ಅಂಚಿಗೇ ಬಡೀತದ. ಎಲ್ಲಿ ತಪ್ಪಾಕತ್ತೀನ್ರಿ?"

ತಪ್ಪು ಎಲ್ಲಿದೆಯೆಂದು ನನಗೆ ಗೊತ್ತಿತ್ತು. ದಣಿದಾಗ ಅವಳ ಮೊಣಕಾಲು ಬಗ್ಗುತ್ತಿರಲಿಲ್ಲ, ಅಷ್ಟೇ. ನಾನು ಹೇಳಿದ್ದು ಬೇರೆ.

"ಎಡಗೈ ಸುಮ್ನ ಯಾಕ ಇಡ್ತಿ? ಚೆಂಡು ಬಿಡೋ ಮುಂದ ಎಡಗೈ ಹೆಬ್ಬೆರಳಲೆ ಜರಾ ನೂಕು. ಮುಟ್ಟತದ."

ಎಡಗೈ ಚೆಂಡಿಗೆ ಆಸರೆ ಮಾತ್ರ. ಅದರ ಹೆಬ್ಬೆರಳು ನೂಕಿದರೆ ಚೆಂಡು ಓರೆಯಾಗುತ್ತದೆ. ಮೊದಲ ಎರಡು ದಿನ ಚೆಂಡು ನಿಜಕ್ಕೂ ದೂರ ಹೋಯಿತು. ಅವಳು ಖುಷಿಪಟ್ಟು ನನ್ನ ಕೈ ಹಿಡಿದುಕೊಂಡಳು. ವಾರ ಕಳೆಯುವಷ್ಟರಲ್ಲಿ ಒಂದೊಂದೇ ಬಲಕ್ಕೆ ಸರಿಯತೊಡಗಿದವು. ಅವಳು ಇನ್ನೂ ಹೆಚ್ಚು ಹೊತ್ತು ನಿಂತು, ಇನ್ನೂ ಶ್ರದ್ಧೆಯಿಂದ ಆ ತಪ್ಪನ್ನೇ ಮಾಡಿದಳು. ಸರ್ ತಲೆ ಕೆರೆದುಕೊಂಡರು. ನಾನು ಪಕ್ಕದಲ್ಲೇ ನಿಂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದೆ.

ಆಯ್ಕೆಯ ದಿನ ಅವಳ ಹತ್ತರಲ್ಲಿ ಮೂರು ಬಿದ್ದವು. ನನ್ನ ಹೆಸರು ಬಂತು. "ಛಲೋ ಆತ್ರಿ ಅಕ್ಕಾ" ಎಂದು ಹೇಳಿ ಅವಳು ಬಸ್ಸಿಗೆ ಹೋದಳು. ನಾನು ತಂಡದ ಜೊತೆ ಹೋಗಿ ಆಡಿ ಬಂದೆ. ಗೆದ್ದ ಮೇಲಾದರೂ ಹೊಟ್ಟೆಕಿಚ್ಚು ಆರಬೇಕಿತ್ತು; ಆರಲಿಲ್ಲ. ಅಂಗಿಯ ಮೇಲಿದ್ದ ಸಂಖ್ಯೆ ಅವಳದೇ ಎಂದು ಆಟದುದ್ದಕ್ಕೂ ಅನಿಸುತ್ತಿತ್ತು.

ರಜೆಯಲ್ಲಿ ಒಂದು ದಿನ, ಮನೆಯಲ್ಲಿ ಪುಸ್ತಕ ತರಬೇಕೆಂದು ಹೇಳಿ ಕಮಲಾಪುರದ ಬಸ್ಸು ಹತ್ತಿದೆ. ತೋಟ ಕೇಳಿಕೊಂಡು ಹೋದೆ. ಬೇವಿನ ಮರಕ್ಕೆ ಅವಳಪ್ಪ ಕಬ್ಬಿಣದ ಬಳೆಯೊಂದನ್ನು ಬಿಗಿದುಕೊಟ್ಟಿದ್ದ. ಅವಳು ಅದರ ಕೆಳಗೆ ಒಬ್ಬಳೇ ಇದ್ದಳು. ನೀರು ಕೊಟ್ಟಳು. ಕುಡಿಯದೆ, ನಿಂತಲ್ಲೇ ಹೇಳಿದೆ.

"ನಾ ನಿನಗ ಬೇಕಂತ ತಪ್ಪು ಹೇಳಿಕೊಟ್ಟೆ."

"ಗೊತ್ತದ್ರಿ" ಎಂದಳು.

"ಯಾವಾಗ ಗೊತ್ತಾತು?"

"ಆಯ್ಕೆಗೆ ನಾಕ ದಿನ ಮೊದಲ. ನೀವು ಹೊಡಿಯೋ ಮುಂದ ನಿಮ್ಮ ಎಡಗೈ ನೋಡಿದೆ. ಹೆಬ್ಬೆರಳು ಅಲ್ಲಾಡಲೇ ಇಲ್ಲ."

"ಮತ್ತ ಯಾಕ ಬಿಡಲಿಲ್ಲ?"

"ಬಿಡಾಕ ನೋಡಿದೆ. ಕೈಗಿ ಹತ್ತಿಬಿಟ್ಟಿತ್ತು."

"ಸರ್‌ಗೆ ಹೇಳಬೇಕಿತ್ತು."

ಅವಳು ಮರದ ಬುಡದಲ್ಲಿದ್ದ ಚೆಂಡನ್ನು ಎತ್ತಿಕೊಂಡು ನನ್ನತ್ತ ನೋಡಿದಳು. ಆ ನೋಟದಲ್ಲಿ ಕ್ಷಮೆಯೇನೂ ಇರಲಿಲ್ಲ. "ಹೇಳಿದ್ರ ನಿಮಗ ಟೀಮಿನಾಗಿಂದ ತಗೀತಿದ್ರು. ಆಮ್ಯಾಲ ನನಗ ಕಲಸೋರು ಯಾರ್ರಿ?" ಎಂದು ಚೆಂಡನ್ನು ನನ್ನ ಕೈಗಿಟ್ಟಳು. "ಹಚ್ಚಿದೋರು ನೀವ. ಈಗ ಬಿಡಸ್ರಿ."

ಬಿಡಿಸಲು ಐದು ತಿಂಗಳು ಬೇಕಾಯಿತು. ಎಡಗೈಯನ್ನು ಬೆನ್ನ ಹಿಂದೆ ಇರಿಸಿ, ಬುಟ್ಟಿಯ ಕೆಳಗೇ ನಿಲ್ಲಿಸಿ, ಒಂದೇ ಕೈಯಿಂದ ಹೊಡೆಸಿದೆ. ಆಮೇಲೆ ಹೆಬ್ಬೆರಳನ್ನು ತೋರುಬೆರಳಿಗೆ ಬಟ್ಟೆಯ ಚೂರಿನಿಂದ ಕಟ್ಟಿದೆ. ವಾರಕ್ಕೆ ಒಂದೊಂದು ಹೆಜ್ಜೆ ಹಿಂದೆ ಸರಿಸಿದೆ. ಅವಳನ್ನು ನೋಡಿ ನೋಡಿ ಆಟ ನನಗೆ ಮೊದಲ ಸಲ ಅರ್ಥವಾಗತೊಡಗಿತು. ಒಂದು ದಿನ ಅವಳೇ, "ಅಕ್ಕಾ, ನಿಮ್ಮ ಮೊಣಕೈ ಹೊರಗ ಹೋಗ್ತದ" ಎಂದಳು. ಸಿಟ್ಟಿನಿಂದ ಮೈ ಉರಿಯಿತು. ಅವಳು ಹೇಳಿದ್ದು ನಿಜವಾಗಿತ್ತು.

ಮರುವರ್ಷ ಅವಳ ಹೆಸರು ಬಂತು, ನನ್ನದು ಬರಲಿಲ್ಲ. ಹೊಟ್ಟೆಕಿಚ್ಚು ಹೋಗಿತ್ತೆಂದು ಬರೆದರೆ ಸುಳ್ಳಾಗುತ್ತದೆ. ಯಾರಿಗೂ ಗುರುತು ಸಿಗಬಾರದೆಂದು ರೋಜಾದ ದರ್ಗಾದಲ್ಲಿ ನಡೆಯುವ ಉರುಸಿನ ಗದ್ದಲದಲ್ಲಿ ಸುತ್ತಾಡಿ, ಅತ್ತು, ಮುಖ ತೊಳೆದುಕೊಂಡು ಮನೆಗೆ ಹೋದೆ. ಆದರೆ ಸರ್ ಕರೆದು, "ಆಕಿನ್ನ ತಯಾರ ಮಾಡಿದಾಕಿ ನೀನು. ಕಲಸೋ ಕೆಲಸಾನೇ ಹಿಡಿ" ಎಂದಾಗ ನಾನು ಹಿಡಿದದ್ದು ಅದನ್ನೇ. ಅವರಿಗೆ ಹೆಬ್ಬೆರಳಿನ ವಿಷಯ ಕಡೆಯವರೆಗೂ ತಿಳಿಯಲಿಲ್ಲ.

ಇಬ್ಬರೂ ಆಟದ ಶಿಕ್ಷಕಿಯರಾದೆವು, ನಾನು ಕಲಬುರಗಿಯಲ್ಲಿ, ಅವಳು ಕಮಲಾಪುರದಲ್ಲಿ. ಎರಡು ಸಾವಿರದ ನಂತರದ ಒಂದು ವರ್ಷ ಶಾಲಾ ಪಂದ್ಯದಲ್ಲಿ ಅವಳ ಹುಡುಗಿಯರು ನನ್ನ ಹುಡುಗಿಯರನ್ನು ಸೋಲಿಸಿದರು. ಪಂದ್ಯ ಮುಗಿದದ್ದೇ ಅವಳ ಹುಡುಗಿಯರೆಲ್ಲ ಓಡಿಬಂದು ಅವಳ ಮೈಮೇಲೆ ಬಿದ್ದರು. ನನ್ನವರು ನನ್ನಿಂದ ಎರಡು ಮಾರು ದೂರ, ತಲೆ ತಗ್ಗಿಸಿ ನಿಂತಿದ್ದರು. ಅದಕ್ಕೂ ನನಗೆ ಕಿಚ್ಚು ಹತ್ತಿತು. ಅವಳು ನನ್ನನ್ನು ತೋರಿಸಿ, "ನನಗ ಬಾಸ್ಕೆಟ್‌ಬಾಲ್ ಕಲಿಸಿದೋರು ಇವರ" ಎಂದಳು.

ಸುಮ್ಮನಿರಬಹುದಿತ್ತು. ಯಾಕೋ ಅಂದು ಆಗಲಿಲ್ಲ. ಎರಡೂ ತಂಡದ ಮಕ್ಕಳ ಎದುರಿಗೆ ನಡೆದದ್ದನ್ನೆಲ್ಲ ಹೇಳಿದೆ: ಬೇಕೆಂದೇ ತಪ್ಪು ಕಲಿಸಿದ್ದು, ಅವಳ ಜಾಗದಲ್ಲಿ ನಾನು ಆಡಿದ್ದು. ಅವಳು ತಡೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನಾನು ಮುಗಿಸುವವರೆಗೂ ಪಕ್ಕದಲ್ಲಿ ನಿಂತಿದ್ದು, ನಂತರ ತನ್ನ ಮಕ್ಕಳನ್ನು ಬಸ್ಸಿಗೆ ಹತ್ತಿಸಿಕೊಂಡು ಹೋದಳು.

ಮರುದಿನ ಬೆಳಿಗ್ಗೆ ನಾನು ಹೆದರಿಕೊಂಡೇ ಮೈದಾನಕ್ಕೆ ಹೋದೆ. ಇನ್ನು ನನ್ನ ಮಾತನ್ನು ಯಾವ ಹುಡುಗಿ ನಂಬುತ್ತಾಳೆ? ಹನ್ನೆರಡೂ ಮಂದಿ ಬಂದಿದ್ದರು. ಹಿಂದಿನ ದಿನ ಗುರಿ ತಪ್ಪಿ ಅತ್ತಿದ್ದವಳು ಚೆಂಡು ಹಿಡಿದು ನೇರ ನನ್ನ ಹತ್ತಿರ ಬಂದು, ಎಂದೂ ನಿಲ್ಲದಷ್ಟು ಹತ್ತಿರ ನಿಂತು, "ಮೇಡಂ, ನನ್ನ ತಪ್ಪು ಎಲ್ಲದ, ಖರೇ ಹೇಳ್ರಿ" ಎಂದಳು.