ನನ್ನ ಮೊದಲ ಮೀನು ಜೈಲಿಗೆ ಹೋದದ್ದು

ಅಮೆರಿಕದ ಮೂಲನಿವಾಸಿಗಳಾದ ನಮ್ಮ ಜನರಲ್ಲಿ ಹುಡುಗ ತಾನು ಹಿಡಿದ ಮೊದಲ ಸಾಲ್ಮನ್ ಮೀನನ್ನು ತಿನ್ನುವಂತಿಲ್ಲ. ಮನೆಯ ಹಿರಿಯರಿಗೆ ಕೊಡಬೇಕು. ನನ್ನ ಓರಗೆಯವರೆಲ್ಲ ದನಿ ಒಡೆಯುವ ಮೊದಲೇ ಕೊಟ್ಟು ಮುಗಿಸಿದ್ದರು. ನನಗೆ ತಲೆ ನರೆತರೂ, ನನ್ನನ್ನು ಸಾಕಿದ ಲವೀನಾ ಅತ್ತೆಯ ತಟ್ಟೆ ಖಾಲಿಯೇ ಇತ್ತು.

"ಏನ್ ಮಾಡ್ಲಿ ಅತ್ತೆ, ಸರ್ಕಾರ ಹಿಡಿಯೋಕೆ ಬಿಡಲ್ವಲ್ಲ" ಎನ್ನುತ್ತಿದ್ದೆ.

ಸುಳ್ಳೇನಲ್ಲ. ಅಮೆರಿಕಕ್ಕೆ ನೆಲ ಬಿಟ್ಟುಕೊಟ್ಟಾಗ ನಮ್ಮ ಮುತ್ತಜ್ಜಂದಿರು ಮೀನಿನ ಹಕ್ಕನ್ನು ಒಪ್ಪಂದದಲ್ಲಿ ಉಳಿಸಿಕೊಂಡಿದ್ದರು. ಆದರೂ ರಾಜ್ಯದ ಕಾವಲಿನವರು ಬಲೆ ಹರಿದು, ದೋಣಿ ಎಳೆದೊಯ್ಯುತ್ತಿದ್ದರು. ಉಳಿದವರು ಅವರ ಕಣ್ಣು ತಪ್ಪಿಸಿ ಹಿಡಿಯುತ್ತಿದ್ದರು. ನಾನು ಕಾವಲಿನವರಿಗಿಂತ ಮೊದಲು ಮೀನಿನ ಕಣ್ಣಿಗೇ ಬೀಳುತ್ತಿದ್ದೆ.

ಅರವತ್ತರ ದಶಕದಲ್ಲಿ ನಮ್ಮವರು ಒಂದು ತೀರ್ಮಾನಕ್ಕೆ ಬಂದರು: ಹಾಡಹಗಲೇ ಬಲೆ ಹಾಕಿ, ಬೇಕೆಂದೇ ಸಿಕ್ಕಿಬಿದ್ದು, ಕೋರ್ಟಿನಲ್ಲಿ ಹಕ್ಕು ಕೇಳುವುದು. ಒಂದು ಸರದಿಗೆ ನನ್ನನ್ನು ಆರಿಸಿದರು. ಶೌರ್ಯ ನೋಡಿ ಅಲ್ಲ; ಕಳೆದುಕೊಳ್ಳಲು ನನಗೆ ದೋಣಿಯೂ ಇರಲಿಲ್ಲ, ಕೆಲಸವೂ ಇರಲಿಲ್ಲ.

"ಬಲೇಲಿ ಮೀನಿದ್ರೇನೇ ಕೇಸು" ಎಂದ ನಮ್ಮ ವಕೀಲ.

"ಮತ್ತೆ ಇವನನ್ನ ಯಾಕ್ರಪ್ಪಾ ಕಳಿಸ್ತೀರಿ?" ಎಂದಳು ಅತ್ತೆ.

ಅವಳ ಮಾತೇ ನಿಜವಾಯಿತು. ಕಾವಲಿನವರು ಬಂದು ನನ್ನ ಬಲೆ ಎತ್ತಿದರೆ ಬರೀ ಕಸಕಡ್ಡಿ.

"ಮನೆಗೆ ಹೋಗಯ್ಯಾ" ಎಂದು ನಕ್ಕರು.

"ಅರೆಸ್ಟ್ ಮಾಡಿ ಸ್ವಾಮಿ, ದಮ್ಮಯ್ಯ!" ಎಂದು ಬೇಡಿಕೊಂಡೆ. ಮಾಡಲಿಲ್ಲ.

ಹೀಗೇ ಮರ್ಯಾದೆ ಕಳೆದುಕೊಳ್ಳುತ್ತಿರಲು, ಒಂದು ಬೆಳಿಗ್ಗೆ ಬಲೆ ಜಗ್ಗಿತು. ತೋಳುದ್ದದ ಸಾಲ್ಮನ್! ಒಪ್ಪಂದ, ಹಕ್ಕು ಎಲ್ಲ ಮರೆತು, "ಅತ್ತೇ, ನಂದೇ! ನಾನೇ ಹಿಡಿದಿದ್ದು!" ಎಂದು ಕಿರುಚಿದೆ. ಅಷ್ಟರಲ್ಲಿ ಕಾವಲಿನವರು ಬಂದು ಮೀನನ್ನು ಸಾಕ್ಷಿಗೆಂದು ಚೀಲಕ್ಕೆ ತುಂಬಿ, ನನಗೆ ಕೋಳ ತೊಡಿಸಿದರು.

ಅತ್ತೆ ದಡದಿಂದ ಇಳಿದು ಬಂದಳು. "ಆ ಮೀನು ನಂದು. ಅದು ಎಲ್ಲಿಗೆ ಹೋಗುತ್ತೋ ಅಲ್ಲಿಗೆ ನಾನೂ ಬರ್ತೀನಿ" ಎಂದು ವ್ಯಾನು ಹತ್ತಿಯೇ ಬಿಟ್ಟಳು. ಜೈಲಿನಲ್ಲಿ ಅವಳಿಗೂ ಹುರುಳಿಕಾಯಿ ಬೇಯಿಸಿ ಕೊಟ್ಟರು. ತಟ್ಟೆ ಪಕ್ಕಕ್ಕೆ ತಳ್ಳಿ, "ನನ್ನ ಮೀನೆಲ್ಲಿ?" ಎಂದು ಅಲ್ಲಿನವರ ತಲೆ ತಿಂದಳು.

ಮೀನು ಮರಳಿ ಬರಲಿಲ್ಲ. ಕೇಸು ವರ್ಷಗಟ್ಟಲೆ ಎಳೆಯಿತು. ನನಗೋ ಹೊಸ ನೆಪ ಸಿಕ್ಕಿತ್ತು: ಅತ್ತೆಯ ಮೀನನ್ನು ಸರ್ಕಾರ ನುಂಗಿತು. ಕೊನೆಗೆ ಹಕ್ಕು ನಮ್ಮದೇ ಎಂದು ತೀರ್ಪು ಬಂತು. ಎಲ್ಲರೂ ಕುಣಿದರು. ನಾನೂ ಕುಣಿದೆ.

ಮಾರನೆಯ ಬೆಳಿಗ್ಗೆ ಅತ್ತೆ ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ದಡದಲ್ಲಿ ಕೂತಿದ್ದಳು. ಕಣ್ಣು ಮಂಜಾಗಿತ್ತು, ಬೆನ್ನು ಬಾಗಿತ್ತು.

"ಈಗ ತಡೆಯೋರು ಯಾರೂ ಇಲ್ವಲ್ಲೋ. ಇನ್ ಯಾರ ಮೇಲೆ ಹಾಕ್ತೀಯಾ?"

ನನ್ನ ಮೀನು ತಿನ್ನದೇ ಇವಳು ಕಣ್ಮುಚ್ಚಿಬಿಟ್ಟರೆ ಎಂಬ ಭಯಕ್ಕೆ ದಿನವೂ ಎದೆಯುದ್ದ ನೀರಿಗಿಳಿದೆ. ದಿನವೂ ಕಸಕಡ್ಡಿ. ಕಡೆಗೆ ಒಂದು ಬಡಕಲು ಮೀನು ನನ್ನ ಮೇಲೆ ಕನಿಕರಪಟ್ಟು ಬಲೆಗೆ ಬಿತ್ತು.

ಅತ್ತೆ ಯಾರಿಗೂ ಒಂದು ಚೂರೂ ಕೊಡದೆ ಬೆರಳು ಚೀಪಿ ತಿಂದಳು. "ಉಪ್ಪು ಕಮ್ಮಿ" ಎಂದಳು. ಅಷ್ಟು ದೊಡ್ಡ ಗಂಡಸು ನಾನು, ಎಲ್ಲರೆದುರು ಗೊಳೋ ಎಂದು ಅತ್ತುಬಿಟ್ಟೆ.

ಅವಳು ಮುಳ್ಳುಗಳನ್ನೆಲ್ಲ ಕೂಡಿಸಿ ನನ್ನ ಅಂಗೈಗೆ ಹಾಕಿದಳು. "ಹೋಗು, ನೀರಿಗೆ ಬಿಟ್ಟು ಬಾ, ಮೀನು ಮತ್ತೆ ಬರುತ್ತೆ. ಇದೇ ನಿನ್ನ ಮೊದಲ್ನೇದು. ನಾಳೆಯಿಂದ ಹಿಡಿದಿದ್ದನ್ನ ನೀನೂ ತಿನ್ಬೋದು."