ಬರ್ರಿ ಅಂದರಷ್ಟೇ ಒಳಗೆ ಬರುವ ದೊರೆ

ಸ್ಪಿರಿಟ್ಟಿನ ವಾಸನೆ ಬಂದರೆ ಬೇರೆಯವರಿಗೆ ಆಸ್ಪತ್ರೆ ನೆನಪಾಗುತ್ತದೆ, ನನಗೆ ಕಾದಂಬರಿ ನೆನಪಾಗುತ್ತದೆ. ಮೊನ್ನೆ ರಾಮದುರ್ಗದ ಒಂದು ಲ್ಯಾಬಿನಲ್ಲಿ ಸಕ್ಕರೆ ಕಾಯಿಲೆಯ ತಪಾಸಣೆಗೆಂದು ತೋಳು ಚಾಚಿ ಕುಳಿತಿದ್ದೆ. ಅಲ್ಲಿಯ ಹುಡುಗಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಮೊಣಕೈಯ ಒಳಬದಿಗೆ ಒರೆಸಿದಳು. ಅಷ್ಟೇ ಸಾಕಾಯಿತು. ಬೈಲಹೊಂಗಲದ ನಮ್ಮ ಹಳೆಯ ಮನೆಯ ಪಡಸಾಲೆ, ಬೇಸಿಗೆಯ ಮಧ್ಯಾಹ್ನ, ಹಳದಿಯಾದ ಪುಟಗಳ ಮುಗ್ಗಲು ವಾಸನೆ, ಆ ಪುಟ ತಿರುವುತ್ತಿದ್ದ ಶಾಂತತ್ತಿಯ ಬೆರಳುಗಳ ಸ್ಪಿರಿಟ್ ವಾಸನೆ, ಎಲ್ಲ ಒಟ್ಟಿಗೆ ಬಂದು ಎದುರಿಗೆ ಕುಳಿತವು. ಸೂಜಿ ಚುಚ್ಚಿದ್ದೇ ಗೊತ್ತಾಗಲಿಲ್ಲ. ರಕ್ತ ಕೊಡುತ್ತ ಒಬ್ಬಳೇ ನಗುತ್ತಿರುವ ಹೆಂಗಸನ್ನು ನೋಡಿ ಪಾಪ ಆ ಹುಡುಗಿ ಗಾಬರಿಯಾದಳು.

ಶಾಂತತ್ತಿ ಅಪ್ಪನ ತಂಗಿ. ಆಸ್ಪತ್ರೆಯಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವುದು ಅವಳ ಕೆಲಸ, ರಕ್ತ ಹೀರುವವರ ಕಾದಂಬರಿ ಓದುವುದು ಅವಳ ಚಟ. ಓಣಿಯ ಹುಡುಗರು ಇವೆರಡನ್ನೂ ಕೂಡಿಸಿ ಅವಳಿಗೆ ಹೆಸರಿಟ್ಟಿದ್ದರು. ಅವಳಿಗೆ ಸಿಟ್ಟು ಬರುತ್ತಿರಲಿಲ್ಲ, ತಾನು ಸಂಬಳಕ್ಕೆ ಹೀರುವವಳು, ಕಾದಂಬರಿಯ ದೊರೆ ಪುಕ್ಕಟೆ ಹೀರುವವನು, ಅಷ್ಟೇ ವ್ಯತ್ಯಾಸ ಎನ್ನುತ್ತಿದ್ದಳು. ಹಳೆಯ ಇಂಗ್ಲಿಷ್ ಕತೆಗಳನ್ನು ಯಾರೋ ಕನ್ನಡಕ್ಕೆ ಇಳಿಸಿದ ಪುಸ್ತಕಗಳವು. ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಿಂದ ಬರುವ ಹೊತ್ತಿಗೆ ರಟ್ಟೂ ಇರುತ್ತಿರಲಿಲ್ಲ, ಬರೆದವರ ಹೆಸರಿನ ಪುಟವೂ ಇರುತ್ತಿರಲಿಲ್ಲ. ಇದ್ದದ್ದು ಮಂಜು ಮುಸುಕಿದ ಗುಡ್ಡ, ಪಾಳು ಕೋಟೆ, ತೋಳಗಳ ಕೂಗು, ಕನ್ನಡಿಯಲ್ಲಿ ಕಾಣಿಸದ ಮನುಷ್ಯ, ತನ್ನೂರಿನ ಮಣ್ಣು ತುಂಬಿಕೊಂಡು ಸಮುದ್ರ ದಾಟುವ ಶವಪೆಟ್ಟಿಗೆ. ಹೊರಗೆ ಬಿಸಿಲಿಗೆ ಡಾಂಬರು ಕರಗುತ್ತಿದ್ದರೆ ನಾವು ಪಡಸಾಲೆಯಲ್ಲಿ ಚಳಿಗೆ ನಡುಗುತ್ತಿದ್ದೆವು. ಅತ್ತಿ ಓದುವುದೂ ಹಾಗೇ ಇತ್ತು. ದೊರೆ ಕುತ್ತಿಗೆಯ ಹತ್ತಿರ ಬಗ್ಗಿದ ಕೂಡಲೇ ಪುಸ್ತಕ ಮಡಚಿ, ನೀರು ಕುಡಿದು ಬರುತ್ತೇನೆಂದು ಎದ್ದುಬಿಡುವಳು. ನಾನು ಅವಳ ಸೆರಗು ಹಿಡಿದು ಜಗ್ಗುತ್ತಿದ್ದೆ.

ಕೇಳುವವರಲ್ಲಿ ನನ್ನ ಜೊತೆಗೆ ಆಯಿ ಇರುತ್ತಿದ್ದಳು, ಅಪ್ಪನ ತಾಯಿ. ಓದು ಬರದಿದ್ದರೂ ಅವಳಷ್ಟು ಕಟ್ಟುನಿಟ್ಟಾಗಿ ಕತೆ ಕೇಳಿದವರನ್ನು ನಾನು ಮತ್ತೆ ಕಂಡಿಲ್ಲ. ಮೊರದಲ್ಲಿ ಜೋಳ ಹಸನು ಮಾಡುತ್ತ ಮಧ್ಯೆ ಮಧ್ಯೆ ತಗಾದೆ ತೆಗೆಯುತ್ತಿದ್ದಳು. ಬಳ್ಳೊಳ್ಳಿ ಕಂಡರೆ ಓಡುವವನು ನಮ್ಮ ಸೀಮೆಯಲ್ಲಿ ಒಂದು ಹೊತ್ತೂ ಬಾಳಲಾರ, ಬೆಳ್ಳುಳ್ಳಿ ಹಾಕಿ ಖಾರ ಕುಟ್ಟದ ಮನೆ ಇಲ್ಲಿ ಯಾವುದಿದೆ ಎಂದು ಅವಳ ವಾದ. ಆದರೆ ಒಂದು ಕಟ್ಟಳೆ ಅವಳಿಗೆ ಬಹಳ ಹಿಡಿಸಿತ್ತು. ಆ ದೊರೆಗೆ ಎಷ್ಟೇ ಶಕ್ತಿ ಇರಲಿ, ಮನೆಯವರು ಬಾಯಿ ಬಿಟ್ಟು ಒಳಗೆ ಕರೆಯದ ಹೊರತು ಅವನು ಹೊಸ್ತಿಲು ದಾಟುವಂತಿಲ್ಲ. ಅದನ್ನು ಮೊದಲ ಸಲ ಕೇಳಿದ ದಿನ ಆಯಿ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಕರೆಯದವರ ಹೊಸ್ತಿಲಲ್ಲಿ ನಿಲ್ಲುವುದು ಅವಳಿಗೆ ಕತೆಯಾಗಿರಲಿಲ್ಲ. ಅವಳ ಆಯುಷ್ಯದ ಬಹುಭಾಗ ಊರಿನ ದೊಡ್ಡ ಮನೆಗಳ ಹಿತ್ತಲಲ್ಲಿಯೇ ದುಡಿಯುತ್ತ ಕಳೆದಿತ್ತು.

"ಅಂಥಾ ದೊರಿನೂ ಬಾಗಲಾದಾಗ ನಿಂತು ಕಾಯತಾನ?" ಎಂದಳು.

ಅಪ್ಪನಿಗೆ ಮಾತ್ರ ಈ ಪುಸ್ತಕಗಳೆಂದರೆ ಮೈ ಉರಿಯುತ್ತಿತ್ತು. ಅಪ್ಪ ಸಾಲಿ ಮಾಸ್ತರ. ದೆವ್ವ, ಮೈಲಿಗೆ, ಹರಕೆ ಎಲ್ಲವನ್ನೂ ಒಂದೇ ಏಟಿಗೆ ಬಿಟ್ಟು, ಗೋಡೆಗೆ ಬುದ್ಧನ ಫೋಟೋ ಹಾಕಿಕೊಂಡ ಮನೆ ನಮ್ಮದು. ನಮ್ಮ ಮಂದಿಯ ಕೈಗೆ ಪುಸ್ತಕ ಸುಮ್ಮನೆ ಬಂದಿಲ್ಲ, ಬಂದ ಮೇಲೆ ಅದನ್ನು ಮೇಲೇಳುವುದಕ್ಕೆ ಓದಬೇಕು, ಮಜಕ್ಕಲ್ಲ ಎನ್ನುತ್ತಿದ್ದ. ಅವನ ಮಾತು ಸುಳ್ಳೆಂದು ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆದರೆ ಆ ಬೇಸಿಗೆಯಲ್ಲಿ ನಾನು ಲೆಕ್ಕದಲ್ಲಿ ಫೇಲಾದದ್ದೇ ನೆಪವಾಯಿತು. ಅಪ್ಪ ಅತ್ತಿಯ ಪುಸ್ತಕಗಳನ್ನೆಲ್ಲ ಕೂಡಿಹಾಕಿ, ಹಗ್ಗದಿಂದ ಬಿಗಿದು, ಬಾಗಿಲ ಹತ್ತಿರ ಇಟ್ಟ. ರವಿವಾರ ರದ್ದಿಯವನು ಬಂದರೆ ಒಯ್ಯಲಿ ಎಂದ.

"ನಾವು ದೆವ್ವಾ ಬಿಟ್ಟು ಬಂದ ಮಂದಿ ಶಾಂತಾ. ನಮ್ಮ ಮನ್ಯಾಗ ಮತ್ತ ಯಾಕ ಅದು?"

"ನಂಬಿದ್ರ ಅಂಜತಿದ್ದೆ ಅಣ್ಣಾ," ಎಂದಳು ಅತ್ತಿ. "ನಂಬೂದಿಲ್ಲ, ಅದಕ್ಕ ಮಜಾ ಬರತೈತಿ. ಇಷ್ಟು ದಿವಸ ಅಂಜಿ ಸತ್ತವಿ. ಈಗ ಮಜಾ ಮಾಡಾಕೂ ನಾವು ಯಾರನ್ನರ ಕೇಳಬೇಕೇನು?"

ಅಪ್ಪ ಗಂಟನ್ನು ಬಿಚ್ಚಲಿಲ್ಲ. ನಾನು ಆ ಕಟ್ಟಿನ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗಿದೆ. ಊಟ ಬಿಟ್ಟೆ, ಬೈಸಿಕೊಂಡು ಮತ್ತೆ ಉಂಡೆ. ದೊರೆಯ ಕತೆ ಇನ್ನೂ ಅರ್ಧ ಉಳಿದಿತ್ತು.

ಶನಿವಾರ ಪಕ್ಕದ ಹಳ್ಳಿಯ ವಾಡೆಯಿಂದ, ಸಾಹುಕಾರರ ದೊಡ್ಡ ಮನೆಯಿಂದ, ಶಾಂತತ್ತಿಗೆ ಕರೆ ಬಂತು. ಹಳ್ಳಿಯ ಹೆಸರು ಬೇಡ. ಅಲ್ಲಿಯ ಮುದಿ ಸಾಹುಕಾರರಿಗೆ ಜ್ವರ ಇಳಿಯುತ್ತಿರಲಿಲ್ಲ, ಏಳಲು ಆಗುತ್ತಿರಲಿಲ್ಲ, ಮನೆಗೇ ಹೋಗಿ ರಕ್ತ ತೆಗೆಯಬೇಕಿತ್ತು. ಅಪ್ಪ ಅವಳನ್ನು ಲೂನಾದ ಮೇಲೆ ಕೂರಿಸಿಕೊಂಡು ಹೋದ. ಸಂಜೆ ತಿರುಗಿ ಬಂದವನು ಚಪ್ಪಲಿಯನ್ನೂ ಬಿಡದೆ ಆಯಿಯ ಎದುರಿಗೆ ಕುಳಿತ. ಅಪ್ಪ ಆವತ್ತು ಹೇಳಿದ್ದನ್ನು ಈಗ ನಾನು ನಿಮಗೆ ಹೇಳುತ್ತಿದ್ದೇನೆ. ಅವನು ಜನ್ಮದಲ್ಲಿ ಒಂದು ಕತೆ ಹೇಳಿದ್ದರೆ ಇದೊಂದೇ.

ವಾಡೆಯ ದೊಡ್ಡ ಬಾಗಿಲಲ್ಲಿ ಸಾಹುಕಾರರ ಸೊಸೆ ನಿಂತಿದ್ದಳಂತೆ. ಒರಟು ಮಾತೇನೂ ಆಡಲಿಲ್ಲ, ಹಿತ್ತಲ ಬಾಗಿಲಿನಿಂದ ಬನ್ನಿ ಎಂದು ನಯವಾಗಿಯೇ ಕೈ ತೋರಿಸಿದಳು. ಅಪ್ಪನ ಕಾಲುಗಳು ಅವನನ್ನು ಕೇಳದೆಯೇ ಹಿತ್ತಲ ಕಡೆಗೆ ತಿರುಗಿದವು. ಎರಡು ಪದವಿ ಓದಿದ ಮಾಸ್ತರನ ಕಾಲು, ಎಂದು ಹೇಳುವಾಗ ಅಪ್ಪ ತನ್ನ ಪಾದಗಳನ್ನೇ ನೋಡಿದ. ಅತ್ತಿ ಮಾತ್ರ ಸೂಜಿ, ಸಿರಿಂಜಿನ ಡಬ್ಬಿ ಹಿಡಿದುಕೊಂಡು ಹೊಸ್ತಿಲ ಮುಂದೆ ನಿಂತಳು.

"ನಾ ಇಲ್ಲೇ ನಿಂದರತೇನ್ರಿ. ನೀವು ಈ ಬಾಗಲಾದಾಗ ನಿಂತು ಒಳಗ ಬರ್ರಿ ಅನ್ನೂತನಕಾ ನಂಗ ಬರಾಕ ಆಗೂದಿಲ್ಲ."

ಸೊಸೆ ತಬ್ಬಿಬ್ಬಾದಳು. ಇದು ಆಸ್ಪತ್ರೆಯ ರೂಲ್ ಏನೆಂದು ಕೇಳಿದಳು.

"ಹೌದ್ರಿ," ಎಂದಳಂತೆ ಅತ್ತಿ, ಕಣ್ಣು ಮಿಟುಕಿಸದೆ. "ಭಾಳ ಹಳೇ ರೂಲ್ ಐತ್ರಿ."

ಕೊನೆಗೆ ಒಳಗಿನಿಂದ ಮುದುಕರ ದನಿಯೇ ಬಂತು, ಬರ್ರಿ ತಾಯಿ, ಒಳಗ ಬರ್ರಿ ಎಂದು. ಅತ್ತಿ ಆಗಲೂ ಕಾಲೆತ್ತಲಿಲ್ಲ. ಗೋಡೆಯ ಮೂಲೆಯಲ್ಲಿ ನಿಂತಿದ್ದ ಅಪ್ಪನನ್ನು ತೋರಿಸಿ, ನಮ್ಮಣ್ಣಗೂ ಅನ್ರಿ ಎಂದಳು.

ಅಪ್ಪ ಅಲ್ಲಿಗೆ ನಿಲ್ಲಿಸಿದ. "ನಂಗೂ ಬರ್ರಿ ಅಂದ್ರವ್ವಾ," ಎಂದು ಆಯಿಗೆ ಹೇಳಿ ಅತ್ತುಬಿಟ್ಟ. ಆಯಿ ಅವನ ತಲೆಯ ಮೇಲೆ ಕೈಯಿಟ್ಟಳು. ಅಪ್ಪ ಅತ್ತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಈ ಧೈರ್ಯ ಎಲ್ಲಿಂದ ಬಂತೆಂದು ಆಯಿ ಕೇಳಿದರೆ, ಅತ್ತಿ ಬಾಗಿಲ ಬಳಿಯ ಪುಸ್ತಕದ ಗಂಟಿನ ಕಡೆಗೆ ಗದ್ದ ಎತ್ತಿ ತೋರಿಸಿದಳು, ಒಳಗೆ ಹೋಗಿ ಕೈ ತೊಳೆದುಕೊಂಡಳು. ಮರುದಿನ ರದ್ದಿಯವನು ಓಣಿಯಲ್ಲಿ ಕೂಗುತ್ತ ಬಂದ, ಕೂಗುತ್ತಲೇ ಮುಂದೆ ಹೋದ. ಅಪ್ಪ ಬ್ಲೇಡು ಹುಡುಕದೆ, ಗಂಟನ್ನು ಉಗುರಿನಿಂದಲೇ ಬಿಚ್ಚುತ್ತ ಕುಳಿತಿದ್ದ. ಆಮೇಲೆಯೂ ಆ ಕತೆಗಳು ಅವನಿಗೆ ರುಚಿಸಲಿಲ್ಲ. ಆದರೆ ಮಧ್ಯಾಹ್ನ ಅತ್ತಿ ಓದುವಾಗ ಪೇಪರು ಹಿಡಿದುಕೊಂಡು ಪಡಸಾಲೆಯಲ್ಲೇ ಕೂಡುತ್ತಿದ್ದ, ಪೇಪರಿನ ಪುಟ ಮಾತ್ರ ತಿರುವುತ್ತಿರಲಿಲ್ಲ.

ಈಗ ಆ ಮನೆ ಇಲ್ಲ. ರಸ್ತೆ ಅಗಲ ಮಾಡಿದಾಗ ಹೋಯಿತು. ನಾವು ಚಳಿಗೆ ನಡುಗುತ್ತಿದ್ದ ಪಡಸಾಲೆಯ ಮೇಲೆ ಈಗ ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುತ್ತವೆ. ಆಯಿ ಹೋದಳು, ಅಪ್ಪ ಹೋದ, ಶಾಂತತ್ತಿಯೂ ಹೋದಳು. ಸಾಹಿತ್ಯ ಬಲ್ಲ ಗೆಳತಿಯರು ನನ್ನ ಕಪಾಟು ನೋಡಿ, ಇದೆಂಥ ಹೊಲಸು ಓದುತ್ತೀ, ವಯಸ್ಸಿಗಾದರೂ ಮರ್ಯಾದೆ ಬೇಡವೇ ಎನ್ನುತ್ತಾರೆ. ಬೇಡ. ಯಾರು ಏನಾದರೂ ಅನ್ನಲಿ, ನಾನು ಓದುತ್ತೇನೆ, ಬಸ್ಸಿನಲ್ಲೂ ಪುಸ್ತಕಕ್ಕೆ ಪೇಪರು ಸುತ್ತದೆ ಓದುತ್ತೇನೆ. ಇವು ನನ್ನನ್ನು ಉದ್ಧಾರ ಮಾಡಿದವು ಎಂದು ಸಮರ್ಥನೆಯನ್ನೂ ಕೊಡುವುದಿಲ್ಲ. ಮಜಕ್ಕೇ ಓದುತ್ತೇನೆ, ಅತ್ತಿ ಆ ಹಕ್ಕನ್ನು ಗೆದ್ದು ಕೊಟ್ಟು ಹೋಗಿದ್ದಾಳೆ.

ಲ್ಯಾಬಿನಿಂದ ಬಂದವಳು, ಆ ಅರ್ಧ ಉಳಿದಿದ್ದ ಪುಸ್ತಕವನ್ನೇ ತೆಗೆದೆ. ದೊರೆ ಹೊಸ್ತಿಲಲ್ಲಿ ಬಂದು ನಿಲ್ಲುವ ಪುಟದ ಅಂಚಿನಲ್ಲಿ ಅತ್ತಿಯ ಬೆರಳಿನ ಮಾಸಲು ಗುರುತಿದೆ. ಮೂಸಿ ನೋಡಿದೆ, ಬರೀ ಕಾಗದದ ವಾಸನೆ. ಸತ್ತವರು ತಾವಾಗಿ ಬರುವುದಿಲ್ಲ, ಬರುತ್ತಾರೆಂದು ನಾನು ನಂಬುವುದೂ ಇಲ್ಲ, ನಾನು ಅಪ್ಪನ ಮಗಳು. ಆದರೂ ಎದ್ದು ಹೋಗಿ ಮುಂಬಾಗಿಲನ್ನು ಅಗಲಕ್ಕೆ ತೆರೆದೆ. ಬೀದಿಯಲ್ಲಿ ಬಿಸಿಲು ರಣಗುಡುತ್ತಿತ್ತು, ಯಾರೂ ಇರಲಿಲ್ಲ. ಹೊಸ್ತಿಲ ಒಳಗೆ ನಿಂತು, ಕೇಳಿಸುವ ಹಾಗೆ, ಬಾಯಿ ಬಿಟ್ಟೇ ಅಂದೆ:

"ಬರ್ರಿ. ಎಲ್ಲಾರೂ ಒಳಗ ಬರ್ರಿ."